ಮಗ ಬಿಷ್ಕೆಕ್‌ಗೆ ಹೊಂಟಾನ, ಅಲ್ಲಿ ಇದ್ದವರು ದಿನದ ಬದುಕು ಹ್ಯಾಂಗ ಅಂತ ಹೇಳ್ರಿ

ತಿಕೋಟಾದ ಅವ್ವ

ಎಲ್ಲಾರಿಗೂ ಶರಣ್ರಿ. ವಿಜಯಪುರ ಜಿಲ್ಲಾ ತಿಕೋಟಾ ನಮ್ಮೂರು, ದ್ರಾಕ್ಷಿ ತೋಟದ ಮನಿತನ. ಮಗ ಎರಡನೇ ಸಲ ನೀಟ್ ಬರದು ಪಾಸಾಗ್ಯಾನ, ಆದ್ರ ಸರಕಾರಿ ಸೀಟಿಗೆ ಸಾಲೂವಷ್ಟು ನಂಬರ್ ಬಂದಿಲ್ಲ. ಖಾಸಗಿ ಕಾಲೇಜಿನ ಫೀ ಕೇಳಿ ಬಂದ ದಿನ ನಮ್ಮ ಮನಿಯವರು ಉಣ್ಣಲಿಲ್ಲ. ಈಗ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್ ಅಂತ ಮಾತು ನಡದೈತಿ. ಸೆಪ್ಟೆಂಬರಿಗೆ ಹೋಗೂದು. ಎರಡು ಎಕರೆ ಮ್ಯಾಲ ಸಾಲ ಎತ್ತಬೇಕು.

ಏಜೆಂಟರು ಫೋಟೋ ತೋರಿಸ್ಯಾರ. ಕಾಲೇಜಿನ ಬಿಲ್ಡಿಂಗು, ಹಾಸ್ಟೆಲ್ಲು, ಹಿಂದ ಹಿಮದ ಗುಡ್ಡ. ಚೊಲೊ ಅದಾವ. ನನಗ ಬೇಕಾಗಿದ್ದು ಆ ಫೋಟೋದಾಗ ಇಲ್ಲ. ಮುಂಜಾನೆ ಎದ್ದು ಏನು ತಿಂತಾನ, ಜ್ವರ ಬಂದ್ರ ಯಾರ ಬಾಗಿಲಾ ಬಡೀತಾನ, ಥಂಡ್ಯಾಗ ಅರಿಬಿ ಎಲ್ಲಿ ಒಣಗಸ್ತಾನ, ಅಲ್ಲಿ ಮಂದಿ ನಮ್ಮ ಹುಡುಗುರನ್ನ ಹ್ಯಾಂಗ ನೋಡ್ತಾರ? ಇದ್ದದ್ದು ಇದ್ದಾಂಗ ಹೇಳ್ರಿ. ಹೆದರಿಸಿದ್ರೂ ಅಡ್ಡಿಯಿಲ್ಲ.

ಮುಧೋಳದವ

ಅವ್ವಾರ, ನಮಸ್ಕಾರ. ನಾನು ಬಾಗಲಕೋಟಿ ಜಿಲ್ಲಾದವ. 2021ರ ಕೊನೆಗೆ ಬಿಷ್ಕೆಕ್‌ಗೆ ಹೋದೆ, ನಾಲ್ಕನೇ ವರ್ಷ ಮುಗಿಸಿ ಈಗ ಸೂಟಿಗೆ ಊರಿಗೆ ಬಂದೀನಿ. ಮನಿ ಕಟ್ಟಿ ಮ್ಯಾಲ ಕುಂತು ಬರಿಯಾಕತ್ತೀನಿ, ಉದ್ದ ಆಗತೈತಿ, ತಾಳ್ಮಿಯಿಂದ ಓದ್ರಿ.

ಬ್ಯಾಗಿಗೆ ಹಚ್ಚೂ ವಿಮಾನದ ಚೀಟಿ ಮ್ಯಾಲ ಎಫ್‌ಆರ್‌ಯು ಅಂತ ಇತ್ತು ನಾ ಹೋದಾಗ, ನೋಡಿ ಗಾಬರಿ ಆಗಿದ್ದೆ. 1926ರಿಂದ 1991ರ ತನಕ ಆ ಊರಿನ ಹೆಸರು ಫ್ರೂಂಜೆ ಅಂತ ಇತ್ತು. ಊರಿನ ಹೆಸರು ಬದಲಾತು, ವಿಮಾನದವರ ಗುರುತು ಹಂಗ ಉಳೀತು. ಗಡಿಯಾರ ನಮಗಿಂತ ಅರ್ಧ ತಾಸು ಮುಂದ ಅಷ್ಟ. ನೀವು ರಾತ್ರಿ ಒಂಬತ್ತಕ್ಕ ಉಂಡು ಫೋನ್ ಹಚ್ಚಿದ್ರ ಅವಂಗ ಒಂಬತ್ತೂವರಿ. ರೊಕ್ಕಕ್ಕ ಸೋಮ್ ಅಂತಾರ, ಹೆಚ್ಚುಕಡಿಮಿ ಒಂದು ಸೋಮ್ ಅಂದ್ರ ಒಂದು ರೂಪಾಯಿ ಹಿಡೀರಿ, ಲೆಕ್ಕ ಹಾಕಾಕ ತ್ರಾಸಿಲ್ಲ.

ಅರಿಬಿ ಕೇಳಿದ್ರಿ. ಕಿಡಕಿ ಕೆಳಗ ಕಬ್ಬಿಣದ ಪೈಪಿನ ಸಾಲು ಇರತೈತಿ, ಅದಕ್ಕ ಬತರೇಯಾ ಅಂತಾರ. ಊರಾಗ ಒಂದು ದೊಡ್ಡ ಕಲ್ಲಿದ್ದಲ ಸ್ಥಾವರ ಐತಿ, ಸೋವಿಯತ್ ಕಾಲದ್ದು. ಅಲ್ಲಿ ಕರೆಂಟೂ ತಯಾರಾಗತೈತಿ, ಕಾದ ನೀರೂ ಪೈಪಿನಾಗ ಹರದು ಬಿಲ್ಡಿಂಗ್ ಬಿಲ್ಡಿಂಗಿಗೆ ಬರತೈತಿ. ನವೆಂಬರ್ ಸುರುವಿಗೆ ಬತರೇಯಾ ಬೆಚ್ಚಗಾಗಾಕ ಹತ್ತಿದ್ರ ಮಾರ್ಚ್ ತನಕ. ಅರಿಬಿ ಅದರ ಮ್ಯಾಲ ಹಾಕಿದ್ರ ಮುಂಜಾನಿಗೆ ಒಣಗಿ ರೊಟ್ಟಿ ಆಗಿರತಾವ. 2024ರ ಫೆಬ್ರುವರಿ 2ಕ್ಕ ಆ ಸ್ಥಾವರದಾಗ ಸ್ಫೋಟ ಆತು, ಕೆಲಸದವರಿಗೆ ಗಾಯ ಆದವು, ಊರಿಗೆ ಊರ ತಣ್ಣಗಾತು. ನಾವು ನಾಲ್ಕು ಮಂದಿ ಎರಡು ಮಂಚ ಜೋಡಿಸಿ, ಜಾಕೀಟು ಹಾಕ್ಕೊಂಡ ಮಲಗಿದ್ವಿ. ಒಂದು ಕಡ್ಡಿ ಮುರದ್ರ ಇಡೀ ರಾಜಧಾನಿ ನಡಗತೈತಿ ಅನ್ನೂದು ಅವತ್ತು ತಿಳೀತು.

ಥಂಡಿ ಬಗ್ಗೆ ಎಲ್ಲಾರೂ ಹೇಳ್ತಾರ, ಹೊಗಿ ಬಗ್ಗೆ ಯಾರೂ ಹೇಳೂದಿಲ್ಲ. ಥಂಡಿಗೆ ಅರಿಬಿ ಐತಿ. ರಾತ್ರಿ ಸೊನ್ನಿಗಿಂತ ಹತ್ತು ಡಿಗ್ರಿ ಕೆಳಗ ಹೋದ್ರೂ ಒಳಗ ಉಣ್ಣಿ ಅಂಗಿ, ಹೊರಗ ದಪ್ಪ ಕೋಟು, ಕಾಲಿಗೆ ಜಾರದ ಬೂಟು ಇದ್ರ ನಡೀತೈತಿ. ಆದ್ರ ಬತರೇಯಾ ಇರೂದು ದೊಡ್ಡ ಬಿಲ್ಡಿಂಗಿಗೆ ಅಷ್ಟ. ಸುತ್ತಲಿನ ಸಣ್ಣ ಮನಿಗಳವರು ಒಲಿಯಾಗ ಕಲ್ಲಿದ್ದಲು ಸುಡ್ತಾರ. ದಕ್ಷಿಣಕ್ಕ ಅಲಾ-ತೂ ಗುಡ್ಡದ ಸಾಲು, ಅದರ ಬುಡದಾಗ ಊರು, ತಣ್ಣನೆ ಗಾಳಿ ಕೆಳಗ ಕುಂತು ಬಿಡತೈತಿ, ಹೊಗಿ ಮ್ಯಾಲ ಏಳಂಗಿಲ್ಲ. ಡಿಸೆಂಬರಿನಾಗ ಸಂಜಿ ಮುಂದ ಮೂಗು ಒರಿಸಿದ್ರ ಕರವಸ್ತ್ರ ಕರ್ರಗ ಆಗತೈತಿ. ನಿಮ್ಮ ಹುಡುಗಂಗ ದಮ್ಮು, ಅಲರ್ಜಿ ಏನರ ಇದ್ರ ಇದನ್ನ ಮೊದಲ ವಿಚಾರ ಮಾಡ್ರಿ. ಚೊಲೊ ಮಾಸ್ಕು ಇಲ್ಲಿಂದನ ಕಳಸ್ರಿ. ರವಿವಾರ ಸಾಧ್ಯ ಆದ್ರ ಅಲಾ-ಅರ್ಚಾ ಕಡೆ ಹೋಗಲಿ, ಊರಿಂದ 40 ಕಿಲೋಮೀಟರ್ ಆಗಬಹುದು. ಅರ್ಧ ಹಾದಿ ಏರಿದ ಕೂಡಲೇ ಹೊಗಿ ಕೆಳಗ ಉಳೀತೈತಿ, ಮ್ಯಾಲ ಬಿಸಲು ಫಳಫಳ. ಮೊದಲ ಸಲ ಅಲ್ಲಿ ನಿಂತು ಕೆಳಗ ನೋಡಿದಾಗ ನಾ ದಿನಾ ಉಸಿರಾಡೂ ಗಾಳಿ ಮುಸರಿ ನೀರಿನಂಗ ಕಂಡಿತ್ತು.

ಜ್ವರ ಬಂದ್ರ ಮೊದಲ ರೂಮಿನವರು, ಆಮೇಲೆ ನಮ್ಮ ಸೀನಿಯರ್ಸ್. ಅದು ನಡೀತೈತಿ. ನಡೀಲಾರದ್ದು ಒಂದೈತಿ, ಭಾಷಾ. ಅದರ ಬಗ್ಗೆ ನಾಳೆ ಬರೀತೀನಿ, ಈಗ ಅವ್ವ ಕರಿಯಾಕತ್ತಾಳ.

ಗೋಕಾಕ ಮಾಸ್ತರ

ನಾನು ಕಟುವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಇಪ್ಪತ್ತೆರಡು ವರ್ಷ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವನು ನಾನು. ಹೊರದೇಶದಲ್ಲಿ ಓದಿ ಬಂದವರು ಇಲ್ಲಿ ಎಫ್‌ಎಂಜಿಇ ಪರೀಕ್ಷೆ ಪಾಸಾಗದೆ ಒಂದು ಸೂಜಿ ಕೂಡ ಚುಚ್ಚುವಂತಿಲ್ಲ. 2024ರ ಜೂನ್ ಪರೀಕ್ಷೆಯಲ್ಲಿ ಪಾಸಾದವರು ಶೇಕಡಾ 21ರ ಆಸುಪಾಸು, ಡಿಸೆಂಬರ್‌ನಲ್ಲಿ 29ರ ಹತ್ತಿರ. ನಾಲ್ಕು ಜನ ಹೋದರೆ ಒಬ್ಬ ದಾಟುತ್ತಾನೆ. ಉಳಿದ ಮೂವರು ಮತ್ತೆ ಮತ್ತೆ ಬರೆಯುತ್ತ, ಕೋಚಿಂಗ್‌ಗೆ ದುಡ್ಡು ಸುರಿಯುತ್ತ, ಊರಿನ ಮದುವೆ-ಮುಂಜಿಗೆ ಮುಖ ತೋರಿಸದೆ ಕೂತಿರುತ್ತಾರೆ. ಅಂಥ ಇಬ್ಬರು ನನ್ನ ಶಿಷ್ಯರೇ ಇದ್ದಾರೆ. ಎರಡು ಎಕರೆ ತೋಟವನ್ನು ಇದಕ್ಕೆ ಒತ್ತೆ ಇಡುವುದು ಬೇಡ ತಾಯಿ. ಇಲ್ಲೇ ಆಯುರ್ವೇದ, ನರ್ಸಿಂಗ್, ಫಾರ್ಮಸಿ ಇವೆ. ಮಗ ನಿಮ್ಮ ಕಣ್ಣೆದುರು ಇರುತ್ತಾನೆ.

ಜಮಖಂಡಿ

ಮಾಸ್ತರ ಮಾತು ಸುಳ್ಳಲ್ಲ. ನನ್ನ ಮಗಳ ಕಥಿ ಹೇಳ್ತೀನಿ. ಆಕಿ ಹೋಗಿದ್ದು ಬ್ಯಾರೆ ದೇಶಕ್ಕ. ಏಜೆಂಟ ಇಲ್ಲಿ ಹೇಳಿದ್ದ ಕಾಲೇಜು ಒಂದು, ಅಲ್ಲಿ ಇಳಿದ ಮ್ಯಾಲ ಸೇರಿಸಿದ್ದ ಇನ್ನೊಂದು. ಮಗಳು ಅಳಕೋತ ಫೋನ್ ಮಾಡಿದ್ಲು. ಒಂದು ವರ್ಷ ಆಗಲಿ, ಆಮೇಲೆ ಚೊಲೊ ಕಾಲೇಜಿಗೆ ಬದಲಿ ಮಾಡಸ್ತೀನಿ ಅಂದ ಏಜೆಂಟ. ನಾವು ನಂಬಿದ್ವಿ. ಆಮೇಲೆ ಗೊತ್ತಾತು, 2021ರ ನವೆಂಬರಿನಾಗ ಬಂದ ನಿಯಮದ ಪ್ರಕಾರ ಪೂರಾ ಕೋರ್ಸು ಒಂದ ಕಾಲೇಜಿನಾಗ ಆಗಬೇಕು, ನಡುವ ಬದಲಿ ಮಾಡಿದ್ರ ಇಲ್ಲಿ ನಡಿಯಂಗಿಲ್ಲ. ಎರಡು ವರ್ಷ ನೀರಾಗ ಹೋದವು. ಆಕಿ ಈಗ ಬಾಗಲಕೋಟ್ಯಾಗ ಬಿ.ಎಸ್ಸಿ ಮಾಡಾಕತ್ತಾಳ. ನನ್ನ ಮುಂದ ಏನೂ ಅನ್ನೂದಿಲ್ಲ. ಅದ ನನಗ ಬಾಳ ನೋವು.

ತಾಯಿ, ಹೋಗಬ್ಯಾಡ್ರಿ ಅನ್ನೂದಿಲ್ಲ. ಆದ್ರ ಕಾಲೇಜಿನ ಹೆಸರು, ಕೋರ್ಸಿನ ಅವಧಿ, ಫೀ ಯಾರ ಖಾತೆಗೆ ಹೋಗತೈತಿ, ಇವು ಮೂರೂ ಕಾಲೇಜಿನವರ ಕಾಗದದ ಮ್ಯಾಲ ಇರಬೇಕು. ಏಜೆಂಟನ ವಾಟ್ಸಾಪ್ ಮಾತಿನ ಮ್ಯಾಲ ಒಂದು ರೂಪಾಯಿ ಬಿಚ್ಚಬ್ಯಾಡ್ರಿ.

ಹುನಗುಂದ ಡಾಕ್ಟರ್

ನಾನು ಬಿಷ್ಕೆಕ್‌ನಲ್ಲಿ ಓದಿ ಬಂದವನು. ಎಫ್‌ಎಂಜಿಇ ಎರಡನೇ ಸಲಕ್ಕೆ ಪಾಸಾಯಿತು, ಈಗ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಜಮಖಂಡಿಯವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಕೋರ್ಸು 54 ತಿಂಗಳಿಗಿಂತ ಕಡಿಮೆ ಇರಬಾರದು. ಅದು ಮುಗಿದ ಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಬೇರೆ. ಪಾಠ ಇಂಗ್ಲಿಷ್‌ನಲ್ಲಿ ಇರಬೇಕು. ಆ ದೇಶದಲ್ಲಿ ಅಲ್ಲಿಯವರಂತೆಯೇ ವೈದ್ಯವೃತ್ತಿ ಮಾಡಲು ಆ ಪದವಿ ಅರ್ಹತೆ ಕೊಡಬೇಕು. ಸೇರಿದ ದಿನದಿಂದ 10 ವರ್ಷದೊಳಗೆ ಎಲ್ಲ ಮುಗಿಯಬೇಕು. ಇಲ್ಲಿಗೆ ಬಂದ ಮೇಲೆ 300 ಪ್ರಶ್ನೆಯ ಪರೀಕ್ಷೆ, ಅದರಲ್ಲಿ 150 ಬರಬೇಕು, ನಂತರ ಮತ್ತೊಂದು ವರ್ಷ ಇಂಟರ್ನ್‌ಶಿಪ್. ಮಗನಿಗೆ 18 ಎಂದುಕೊಳ್ಳಿ, ಕೈಗೆ ನೋಂದಣಿ ಬರುವಾಗ 26 ದಾಟಿರುತ್ತದೆ. ಇದನ್ನು ಮನೆಯಲ್ಲಿ ಎಲ್ಲರೂ ಕೂತು ಒಮ್ಮೆ ಲೆಕ್ಕ ಹಾಕಿ.

ಮಾಸ್ತರರು ಹೇಳಿದ ಶೇಕಡಾವಾರು ಸರಿ. ಆದರೆ ಆ ನಾಲ್ಕರಲ್ಲಿ ಒಬ್ಬ ಯಾರು ಎಂದು ನಾನು ಕಣ್ಣಾರೆ ನೋಡಿದ್ದೇನೆ. ಅವನು ಬುದ್ಧಿವಂತನೇ ಆಗಿರಬೇಕಿಲ್ಲ. ಅವನು ವಾರ್ಡಿನಲ್ಲಿ ನಿಂತವನು.

ಮೂರನೇ ವರ್ಷದಿಂದ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಪಾಠ ಇಂಗ್ಲಿಷ್‌ನಲ್ಲಿ ಇರಬಹುದು, ಪುಸ್ತಕ ಇಂಗ್ಲಿಷ್‌ನಲ್ಲಿ ಇರಬಹುದು, ಹಾಸಿಗೆಯ ಮೇಲೆ ಮಲಗಿದ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ನಾವು ಹತ್ತು ಜನ ಮಂಚದ ಸುತ್ತ ನಿಲ್ಲುತ್ತಿದ್ದೆವು. ಅದರಲ್ಲಿ ರಷ್ಯನ್ ಕಲಿತವಳು ಕೇರಳದ ಒಬ್ಬಳೇ. ಅವಳು ಬಾಗಿ "ಗ್ದೆ ಬಲೀತ್?" ಎಂದು ಕೇಳುತ್ತಿದ್ದಳು, ಎಲ್ಲಿ ನೋವು ಅಂತ. ಅಜ್ಜಿ ಅವಳ ಕೈ ಹಿಡಿದು ತನ್ನ ಪಕ್ಕೆಲುಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಯಕೃತ್ತು ದೊಡ್ಡದಾಗಿದ್ದರೆ ಬೆರಳಿಗೆ ಹೇಗೆ ತಾಗುತ್ತದೆ ಎಂದು ಅವತ್ತು ಕಲಿತವಳು ಅವಳು. ಉಳಿದ ಒಂಬತ್ತು ಜನ ಮಂಚದ ಕಬ್ಬಿಣದ ಸರಳು ಹಿಡಿದು ನಿಂತಿದ್ದೆವು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ವರ್ಷ ರಷ್ಯನ್ ಕ್ಲಾಸಿಗೆ ಹಾಜರಿಗಷ್ಟೇ ಹೋಗಿದ್ದೆ. ಮರುದಿನದಿಂದ ಓಶ್ ಬಜಾರಿನಲ್ಲಿ ಉಳ್ಳಾಗಡ್ಡಿ ಮಾರುವವಳ ಹತ್ತಿರ ನಿಂತು ಮಾತು ಕಲಿತೆ. ದಿವ್ಸಾ ಒಂದು ಕಿಲೋ ತಗೊಂಡು, ಹತ್ತು ಶಬ್ದ ಕೇಳಿ ಬರುತ್ತಿದ್ದೆ. ಆರು ತಿಂಗಳಿಗೆ ಅವಳ ಮೊಣಕಾಲು ನೋವಿನ ಇಡೀ ಚರಿತ್ರೆ ಬರೆದುಕೊಳ್ಳುವಷ್ಟು ಭಾಷೆ ಬಂತು. ನನ್ನ ಮೊದಲ ಕೇಸ್ ಹಿಸ್ಟರಿ ಅದೇ, ಯಾವ ವಾರ್ಡಿನದ್ದೂ ಅಲ್ಲ. ಇವತ್ತು ಇಲ್ಲಿ ಕನ್ನಡದಲ್ಲಿ "ಎಲ್ಲಿ ನೋವೈತಿ ಯಮ್ಮಾ" ಎಂದು ಕೇಳುವಾಗ ಅವಳ ಮುಖ ನೆನಪಾಗುತ್ತದೆ.

ಗೋಕಾಕ ಮಾಸ್ತರ

ಡಾಕ್ಟರೇ, ನಿಮ್ಮ ಮಾತು ಓದಿ ಸಂತೋಷವಾಯಿತು. ಆದರೆ ಎಲ್ಲ ಹುಡುಗರೂ ಉಳ್ಳಾಗಡ್ಡಿ ಅಂಗಡಿಯ ಮುಂದೆ ನಿಲ್ಲುವುದಿಲ್ಲ. ಹತ್ತೊಂಬತ್ತು ವರ್ಷದ ಹುಡುಗ ಪರದೇಶದಲ್ಲಿ ತನ್ನವರ ಜೊತೆಗೇ ಇರುತ್ತಾನೆ, ಅದು ಸಹಜ.

ಮುಧೋಳದವ

ಮಾಸ್ತರ ಹೇಳಿದ್ದು ಖರೇ. ಅದ ಗಂಡಾಂತರ. ನಮ್ಮ ಹಾಸ್ಟೆಲ್ಲಿನಾಗ ಇಂಡಿಯನ್ ಮೆಸ್ ಐತಿ, ಅನ್ನಾ ಸಾರು ಸಿಗತೈತಿ. ರೂಮಿನವರು ಮಾತಾಡೂದು ಹಿಂದಿ, ತೆಲುಗು, ಕನ್ನಡ. ಹಾಸ್ಟೆಲ್ಲಿಂದ ಕ್ಲಾಸಿಗೆ, ಕ್ಲಾಸಿಂದ ಹಾಸ್ಟೆಲ್ಲಿಗೆ. ಐದು ವರ್ಷ ಬಿಷ್ಕೆಕ್‌ನಾಗ ಇದ್ದು ಬಿಷ್ಕೆಕ್ ನೋಡದವರು ನೂರಾರು ಮಂದಿ ಅದಾರ. ಕ್ಲಾಸ್ ತಪ್ಪಿಸಿದ್ರ ಒತ್ರಬೋತ್ಕಾ ಅಂತ ಇರತೈತಿ, ಅಂದ್ರ ತಪ್ಪಿದ ಪಾಠಾ ಮತ್ತ ಹೋಗಿ ಒಪ್ಪಿಸಿ ಸಹಿ ತಗೊಂಡು ಬರಬೇಕು. ರಷ್ಯನ್ ಕ್ಲಾಸಿನ ಒತ್ರಬೋತ್ಕಾ ನನಗ ಮೊದಲ ವರ್ಷ ಹದಿನಾಲ್ಕು ಆಗಿದ್ವು. ಇದನ್ನ ಹೆಮ್ಮಿಯಿಂದ ಹೇಳವಲ್ಲೆ, ನಿಮ್ಮ ಮಗ ಹಂಗ ಮಾಡಬಾರದು ಅಂತ ಹೇಳಾಕತ್ತೀನಿ.

ಅಕ್ಷರ ಕಲಿಯೂದು ಏನೂ ಕಠಿಣ ಇಲ್ಲ. ಸಿರಿಲಿಕ್ ಲಿಪಿ ಒಂದು ವಾರದಾಗ ಬರತೈತಿ. ಕಿರ್ಗಿಜ್ ಭಾಷಾ, ರಷ್ಯನ್ ಎರಡೂ ಅದ ಲಿಪಿ. ಸೆಪ್ಟೆಂಬರಿಗೆ ಹೋಗೂವಾಗ ಬೋರ್ಡು ಓದಾಕ ಬರಬೇಕು, ನೂರರ ತನಕ ಎಣಿಕಿ ಬರಬೇಕು. ಅಷ್ಟ ಮಾಡಸ್ರಿ.

ಗುಮ್ಮಟದ ಓಣಿ

ವಿಜಯಪುರದ ಹುಡುಗನಿಗೆ ಕಿರ್ಗಿಜ್ ಭಾಷೆ ಪೂರ್ತಿ ಪರಕೀಯವಲ್ಲ ಎಂದು ಹೇಳಲು ಬಂದೆ. ನನ್ನ ಅಳಿಯ ಕೆಲಸದ ಮೇಲೆ ಅಲ್ಲಿದ್ದಾಗ ನಾನು ಎರಡು ತಿಂಗಳು ಬಿಷ್ಕೆಕ್‌ನಲ್ಲಿದ್ದೆ. ಅಲ್ಲಿ ಹೆಬ್ಬಾಗಿಲಿಗೆ ದರ್ಬಜಾ, ಊರಿಗೆ ಶಾರ್, ಗೆಳೆಯನಿಗೆ ದೋಸ್, ವಹಿಗೆ ದೆಪ್ತೆರ್, ಲಾಭಕ್ಕೆ ಪಾಯ್ದಾ, ಬುದ್ಧಿಗೆ ಅಕಿಲ್. ಬಜಾರ್ ಬಜಾರೇ. ನಮ್ಮ ಊರಿನ ದರವಾಜಿ, ಶಹರ, ದೋಸ್ತ, ದಫ್ತರ, ಫಾಯ್ದೆ, ಅಕಲು ಇವುಗಳ ಅಣ್ಣತಮ್ಮಂದಿರು. 1490ರಿಂದ 1686ರವರೆಗೆ ಇಲ್ಲಿ ಆದಿಲ್‌ಶಾಹಿ ಇತ್ತು, ಪಾರ್ಸಿ ಮಾತು ನಮ್ಮ ಹೊಲ-ಮನೆಯ ಕನ್ನಡದೊಳಗೆ ಬಂದು ಕೂತಿತು. ಅತ್ತ ಮಧ್ಯ ಏಷ್ಯಾದ ತುರ್ಕಿ ಭಾಷೆಗಳಿಗೂ ಪಾರ್ಸಿ, ಅರಬ್ಬಿ ಶಬ್ದ ಹೀಗೇ ಹೋದವು. ಒಂದೇ ಬಾವಿಯ ನೀರು ಎರಡು ಊರಿಗೆ ಹೋದ ಹಾಗೆ.

ರಷ್ಯನ್ ಭಾಷೆಯಲ್ಲಿ ಕೆಮ್ಮಿಗೆ ಕಾಶೆಲ್ ಅನ್ನುತ್ತಾರೆ. ನಮ್ಮ ಕಾಸಶ್ವಾಸದ ಕಾಸ ಅದರ ಬಳಗವೇ. ಡಾಕ್ಟರಾಗುವ ಹುಡುಗ ಮೊದಲು ಈ ಶಬ್ದದಿಂದಲೇ ಶುರುಮಾಡಲಿ.

ತಿಕೋಟಾದ ಅವ್ವ

ಎಲ್ಲಾರದೂ ಎರಡೆರಡು ಸಲ ಓದಿಸಿ ಕೇಳೀನಿ. ಮನಿಯವರಿಗೂ ಕೇಳಿಸೀನಿ. ಗುಮ್ಮಟದ ಓಣಿಯವರ ಮಾತು ಕೇಳಿ ಮಗ ದರ್ಬಜಾ, ದೆಪ್ತೆರ್ ಅಂತ ದಿನಾ ಅನ್ನಾಕ ಹತ್ಯಾನ.

ಒಂದು ಮಾತು ಕೇಳೂದು ಉಳದೈತಿ. 2024ರಾಗ ಅಲ್ಲಿ ಹೊರದೇಶದ ಹುಡುಗುರ ಮ್ಯಾಲ ಗಲಾಟಿ ಆತಂತ ಟೀವಿಯಾಗ ನೋಡಿದ್ದೆ. ಮುಧೋಳದ ತಮ್ಮಾ, ನೀನು ಆವಾಗ ಅಲ್ಲೇ ಇದ್ದೆಲ್ಲಾ. ನಿಮ್ಮವ್ವಗ ಏನಂತ ಹೇಳಿದ್ದಿ?

ಮುಧೋಳದವ

ಅವ್ವಾರ, ಈ ಪ್ರಶ್ನಾ ಬರತೈತಿ ಅಂತ ಗೊತ್ತಿತ್ತು.

ಮೇ 13ಕ್ಕ ಒಂದು ಹಾಸ್ಟೆಲ್ಲಿನ ಹತ್ರ ಊರಿನ ಹುಡುಗುರಿಗೂ ಈಜಿಪ್ಟ್ ಕಡೆಯವರಿಗೂ ಹೊಡೆದಾಟ ಆತು. ಅದರ ವಿಡಿಯೋ ಹಬ್ಬಿ, 17ರ ರಾತ್ರಿ ನೂರಾರು ಮಂದಿ ಬೀದಿಗೆ ಬಂದ್ರು. ಹೊರದೇಶದ ಹುಡುಗುರು ಇರೂ ಹಾಸ್ಟೆಲ್ಲು, ಮನಿ ಹುಡುಕಿ ಹೊಕ್ಕು ಹೊಡದ್ರು. ಹೆಚ್ಚು ಪೆಟ್ಟು ತಿಂದವರು ಪಾಕಿಸ್ತಾನದವರು, ಅವರಲ್ಲಿ ಬಾಳ ಮಂದಿ ವಿಮಾನ ಹತ್ತಿ ಊರಿಗೆ ಹೋದ್ರು. ಗುಂಪಿಗೆ ನಮ್ಮ ಮುಖ, ಅವರ ಮುಖ ಬ್ಯಾರೆ ಕಾಣಂಗಿಲ್ಲ. ಹೊರಗ ಬರಬ್ಯಾಡ್ರಿ ಅಂತ 18ಕ್ಕ ನಮ್ಮ ರಾಯಭಾರ ಕಚೇರಿಯವರು ಹೇಳಿದ್ರು, ಫೋನ್ ನಂಬರ್ ಕೊಟ್ರು.

ಆವಾಗ ನಾವು ನಾಲ್ಕು ಮಂದಿ ಹಾಸ್ಟೆಲ್ ಬಿಟ್ಟು ಬಾಡಿಗಿ ಮನ್ಯಾಗ ಇದ್ವಿ, ಮೂರನೇ ಮಜಲು. ದೀಪಾ ಆರಿಸಿದ್ವಿ. ಬಾಗಿಲಿಗೆ ಅಡ್ಡ ಮಂಚ ಹಾಕಿದ್ವಿ. ಫೋನಿನ ಬೆಳಕು ಕಿಡಕಿಗೆ ಬೀಳಬಾರದಂತ ಚಾದರದೊಳಗ ಹಿಡಕೊಂಡು ಮೆಸೇಜ್ ನೋಡ್ತಿದ್ವಿ. ಕೆಳಗ ಬೀದ್ಯಾಗ ಕೂಗು ಕೇಳಸ್ತಿತ್ತು, ಹತ್ರ ಬರತಿತ್ತು, ದೂರ ಹೋಗತಿತ್ತು. ಎರಡನೇ ದಿನ ಮುಂಜಾನೆ ಬಾಗಿಲಾ ಬಡದ ಸಪ್ಪಳ. ನಾವು ಉಸಿರು ಹಿಡದು ನಿಂತ್ವಿ. ಹೊರಗಿಂದ ಮುದುಕಿ ದನಿ, "ಸಿನೋಕ್, ಖ್ಲೆಬ್" ಅಂತ. ಮಗಾ, ರೊಟ್ಟಿ ಅಂತ. ಕೆಳಗಿನ ಮನಿಯಾಕಿ. ಕಸದ ಬುಟ್ಟಿ ಮೆಟ್ಟಲದ ಮ್ಯಾಲ ಇಡಬ್ಯಾಡ್ರಿ ಅಂತ ನಮಗ ಮೂರು ಸಲ ಬೈದಿದ್ಲು ಆಕಿ. ಎರಡು ಲೆಪ್ಯೋಶ್ಕಾ, ಅಂದ್ರ ಅಲ್ಲಿಯ ತಂದೂರಿ ರೊಟ್ಟಿ, ಒಂದು ಬಾಟಲಿ ಹಾಲು, ಆರು ತತ್ತಿ. ನಾವು ಮಂಚ ಸರಿಸಿ ಬಾಗಿಲಾ ಅರ್ಧ ತಗದಾಗ ಆಕಿ ನಮ್ಮ ಮುಖ ನೋಡಿ ಅತ್ಲು. ಬೀದ್ಯಾಗಿದ್ದವರೂ ಆ ಊರಿನವರ, ಈ ಮುದುಕೀನೂ ಆ ಊರಿನಾಕಿ. ಎರಡೂ ಖರೇ. ನಿಮ್ಮ ಮಗ ಎರಡನ್ನೂ ತಿಳದು ಹೋಗಬೇಕು.

ನಮ್ಮವ್ವಗ ನಾ ಹೇಳಿದ್ದು, "ಇಲ್ಲಿ ಏನೂ ಇಲ್ಲವ್ವಾ, ಟೀವಿಯವರು ದೊಡ್ಡದು ಮಾಡ್ಯಾರ" ಅಂತ. ಆಕಿ ನಂಬಿದಂಗ ಮಾಡಿದ್ಲು. ಸೂಟಿಗೆ ಬಂದಾಗ ಗೊತ್ತಾತು, ಆ ಮೂರು ದಿನ ಆಕಿ ಫೋನ್ ಕೈಯಾಗ ಹಿಡಕೊಂಡ ಒಲಿ ಮುಂದ ಕುಂತಿದ್ದಳಂತ, ರೊಟ್ಟಿ ಬಡಿಲಿಲ್ಲಂತ. ನಾ ಸುಳ್ಳು ಹೇಳಿದ್ದಕ್ಕ ಆಕಿಗೆ ಧೈರ್ಯ ಬರಲಿಲ್ಲ, ಬರೇ ಮಾತಾಡಾಕ ಯಾರೂ ಇಲ್ಲದಂಗಾತು. ನಿಮ್ಮ ಮಗನ ಸಂಗಾಟ ಹೋಗೂ ಮೊದಲ ಒಂದು ಕರಾರು ಮಾಡಕೋರಿ. ಅವ ಖರೇ ಹೇಳಬೇಕು. ಹೇಳಿದಾಗ ನೀವು ತಕ್ಷಣ "ಬಂದುಬಿಡು" ಅನ್ನಬಾರದು. ನೀವು ಹಂಗ ಅಂದ್ರ ಅವ ಮುಂದಿನ ಸಲ ಹೇಳೂದಿಲ್ಲ.

ಹುನಗುಂದ ಡಾಕ್ಟರ್

ಈ ಕರಾರು ನಾನೂ ಮಾಡಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು. ನಾನು ಮೊದಲ ವರ್ಷ ಅಂಗರಚನೆಯಲ್ಲಿ ಫೇಲಾದದ್ದನ್ನು ಮನೆಗೆ ಹೇಳಿದ್ದು ಮೂರನೇ ವರ್ಷದಲ್ಲಿ. ಎರಡು ವರ್ಷ ಆ ಸುಳ್ಳನ್ನು ಹೊತ್ತು ಓದಿದೆ. ಪುಸ್ತಕಕ್ಕಿಂತ ಅದೇ ಭಾರವಿತ್ತು.

ಇಲಕಲ್ ಅಕ್ಕ

ಊಟದ ಬಗ್ಗೆ ಯಾರೂ ಪೂರಾ ಹೇಳಿಲ್ಲ, ನಾ ಹೇಳ್ತೀನಿ. ತಮ್ಮ ಅಲ್ಲೇ ಓದಾಕತ್ತಾನ. ಕಡಕ್ ರೊಟ್ಟಿ ನೂರು ಕಟ್ಟಿ ಕಳಸ್ರಿ, ಹಳೇ ಇಲಕಲ್ ಸೀರಿ ತುಂಡಿನಾಗ ಸುತ್ತಿ ಸ್ಟೀಲ್ ಡಬ್ಬ್ಯಾಗ ಇಟ್ರ ಒಂದೂ ಮುರಿಯಂಗಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಬ್ಯಾರೆ ಬ್ಯಾರೆ ಕಟ್ರಿ, ಬಳ್ಳೊಳ್ಳಿ ಕಡಿಮಿ ಹಾಕ್ರಿ. ಅಮೀನಗಡ ಕರದಂಟು ಎರಡು ಕಿಲೋ, ಒಂದು ಅವಂಗ, ಒಂದು ಹಾಸ್ಟೆಲ್ ಕಾಯೂ ಅಜ್ಜಿಗೆ. ಅಲ್ಲಿ ಹಾಸ್ಟೆಲ್ ಬಾಗಲಾಗ ಒಬ್ಬಾಕಿ ಅಜ್ಜಿ ಕುಂತಿರತಾಳ, ಆಕಿ ಮನಸ್ಸು ಚೊಲೊ ಇದ್ರ ಹುಡುಗನ ಬದುಕು ಚೊಲೊ.

ಬ್ಯಾಸಗ್ಯಾಗ ಬೀದಿ ಬದಿಗೆ ಪೀಪಾಯಿ ಇಟ್ಟು ಮಕ್ಸಿಮ್ ಅಂತ ಮಾರ್ತಾರಂತ. ಧಾನ್ಯ ಹುರದು, ಕುದಿಸಿ, ಹುಳಿ ಬರಿಸಿದ್ದು. ತಮ್ಮ ಮೊದಲ ಸಲ ಕುಡದು ನನಗ ಫೋನ್ ಮಾಡಿ ಅಂದ, "ಅಕ್ಕಾ, ಅಂಬಲಿ ಸಿಕ್ತು." ಚಾಲಪ್ ಅಂತ ಇನ್ನೊಂದು, ಉಪ್ಪು ಹಾಕಿದ ಮಜ್ಜಿಗಿ ಅದು. ಅವರೂ ರೊಟ್ಟಿ ಬೋರಲ ಇಡೂದಿಲ್ಲ, ನೆಲಕ್ಕ ಬಿದ್ರ ಎತ್ತಿ ಕಣ್ಣಿಗೆ ಒತ್ತಕೋತಾರಂತ. ನಮ್ಮವ್ವ ಇದನ್ನ ಕೇಳಿದ ಮ್ಯಾಲ ರಾತ್ರಿ ನಿದ್ದಿ ಮಾಡಿದ್ಲು.

ಗೋಕಾಕ ಮಾಸ್ತರ

ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಸಾಲದ ಬಡ್ಡಿ ಪ್ರತಿ ತಿಂಗಳೂ ಬೆಳೆಯುತ್ತದೆ, ಇಲ್ಲಿ ಬರೆದ ಯಾರ ಮಾತೂ ಅದನ್ನು ತಡೆಯುವುದಿಲ್ಲ. ದ್ರಾಕ್ಷಿಗೆ ಒಂದು ವರ್ಷ ಅಕಾಲಿಕ ಮಳೆ ಬಿದ್ದರೆ ಕಂತು ಎಲ್ಲಿಂದ ಬರುತ್ತದೆ ಎಂದು ಈಗಲೇ ಯೋಚಿಸಿ. ಆದರೂ ಹೋಗುವುದೇ ಆದರೆ ನಿತ್ಯ ಎರಡು ಗಂಟೆ ಎಫ್‌ಎಂಜಿಇ ವಿಷಯಗಳನ್ನು ಮೊದಲ ವರ್ಷದಿಂದಲೇ ಓದಲಿ. ಕೊನೆಯ ವರ್ಷಕ್ಕೆ ಬಿಟ್ಟವರೇ ಮುಳುಗಿದ್ದು. ಹುಡುಗನಿಗೆ ಜೀವಶಾಸ್ತ್ರದಲ್ಲಿ ಏನಾದರೂ ತಿಳಿಯದಿದ್ದರೆ ನನ್ನನ್ನು ಇಲ್ಲೇ ಕೇಳಲಿ, ಯಾವ ಹೊತ್ತಿಗಾದರೂ ಉತ್ತರಿಸುತ್ತೇನೆ.

ತಿಕೋಟಾದ ಅವ್ವ

ಆಗಸ್ಟ್ ಆತು, ಹೇಳಾಕ ಬಂದೆ. ಎರಡು ಎಕರೆ ಬದಲಿ ಒಂದು ಎಕರೆ ಮ್ಯಾಲ ಸಾಲ ತಗೊಂಡೀವಿ, ಉಳಿದದ್ದಕ್ಕ ನನ್ನ ಬಂಗಾರ. ಮಾಸ್ತರ ಮಾತು ಕೇಳಿ ಹಂಗ ಮಾಡಿದ್ವಿ. ಏಜೆಂಟರಿಗೆ ಕಾಲೇಜಿನ ಕಾಗದ ಕೇಳಿದ್ವಿ, ಮೂರು ವಾರ ಸತಾಯಿಸಿದ್ರು. ಆಮೇಲೆ ನಾವ ಕಾಲೇಜಿಗೆ ಬರದು ಕಾಗದ ತರಿಸಿಕೊಂಡ್ವಿ, ಅವಧಿ, ಇಂಟರ್ನ್‌ಶಿಪ್ ಎಲ್ಲಾ ಅದರಾಗ ಐತಿ. ಜಮಖಂಡಿ ಅಣ್ಣಾ, ನಿಮ್ಮ ಮಗಳಿಗೆ ನನ್ನ ಆಶೀರ್ವಾದ ಹೇಳ್ರಿ. ಆಕಿ ಸಲುವಾಗಿ ನನ್ನ ಮಗ ಉಳಕೊಂಡಾನ.

ಒಣದ್ರಾಕ್ಷಿ ಶೆಡ್ಡಿನ ಗ್ವಾಡಿ ಮ್ಯಾಲ ಮಗ ಸುಣ್ಣದ ಕಡ್ಡಿಲೆ ರಷ್ಯನ್ ಅಕ್ಷರ ಬರದಾನ, 33. ಮನಿಯವರೂ ನೀರು ಬಿಡಾಕ ಹೋಗೂವಾಗ ನಿಂತು ಓದ್ತಾರ. "ಇದು ನಮ್ಮ ಎ, ಆದ್ರ ಇದು ಬಿ ಅಲ್ಲಂತ, ವ ಅಂತ" ಅಂತ ನನಗ ಹೇಳಿಕೊಡ್ತಾರ. ಕರಾರೂ ಮಾಡಕೊಂಡೀವಿ. ನಾ "ಬಂದುಬಿಡು" ಅನ್ನೂದಿಲ್ಲ ಅಂತ ಸಿದ್ಧೇಶ್ವರನ ಮುಂದ ನಿಂತು ಹೇಳೀನಿ.

ತಿಕೋಟಾದ ಅವ್ವ

ಸಂಕ್ರಾಂತಿ ಹತ್ರ ಬಂತು, ಜಾತ್ರಿ ತಯಾರಿ ನಡದೈತಿ. ಮಗ ಹೋಗಿ ನಾಲ್ಕು ತಿಂಗಳಾತು. ಕೇಳಿದವರಿಗೆಲ್ಲಾ ಇಲ್ಲೇ ಹೇಳ್ತೀನಿ.

ಎಳ್ಳ ಅಮಾಸಿ ದಿನ ಹೊಲದಾಗ ಚರಗಾ ಚೆಲ್ಲಿ ಕುಂತಿದ್ವಿ, ಅವ ವಿಡಿಯೋ ಫೋನ್ ಮಾಡಿದ. ನಾ ಹೊಲ ತೋರಿಸಿದೆ, ಜೋಳದ ತೆನಿ ತೋರಿಸಿದೆ, ಬುತ್ತಿ ತೋರಿಸಿದೆ. ಅವ ಕಿಡಕಿ ತೋರಿಸಿದ, ಹೊರಗ ಏನೂ ಕಾಣಲಿಲ್ಲ, ಬೂದಿ ಬಣ್ಣ. ಗುಡ್ಡ ಎಲ್ಲಿ ಅಂದೆ. ಹತ್ತು ದಿನ ಆತು ಕಂಡಿಲ್ಲ ಅಂದ. ಆಮೇಲೆ ಸುಮ್ಮನಾದ. ಸುಮ್ಮನಾಗಿ ಅಂದ, "ಅವ್ವಾ, ಕರಾರು ಐತೆಲ್ಲಾ, ಹೇಳ್ತೀನಿ. ಎರಡು ವಾರ ಆತು, ರಾತ್ರಿ ಅಳು ಬರತೈತಿ. ಅನಾಟಮಿ ತಿಳಿವಲ್ದು. ಮೂಳಿ ಹೆಸರು ಮುಂಜಾನೆ ನೆನಪಿರತಾವ, ಸಂಜೀಕ ಹೋಗತಾವ. ಒಂದು ಪರೀಕ್ಷಾ ಫೇಲಾಗೀನಿ."

ನಾಲಿಗಿ ತುದಿ ತನಕ ಬಂತು, ಬಂದುಬಿಡು ಅಂತ. ಮನಿಯವರು ನನ್ನ ಮುಖ ನೋಡಿದ್ರು. ನಾ ಬಾಯಿ ಮುಚ್ಚಿಕೊಂಡೆ. ಆಮೇಲೆ ಕೇಳಿದೆ, ಯಾವ ಮೂಳಿ, ನನಗ ಹೇಳಿಕೊಡು ಅಂತ. ಅವ ತನ್ನ ಮುಂಗೈ ಕ್ಯಾಮರಾ ಮುಂದ ಹಿಡದು ಮಣಿಕಟ್ಟಿನ ಎಂಟು ಮೂಳಿ ಒಂದೊಂದ ಹೇಳಿದ. ನಾ ನನ್ನ ಮಣಿಕಟ್ಟು ಒತ್ತಿ ನೋಡಕೋತ ಕುಂತೆ. ಎಂಟರಾಗ ಆರು ಹೇಳಿದ, ಎರಡು ಮರತ. ಸಂಜಿ ಮುಂದ ಮತ್ತ ಫೋನ್ ಹಚ್ಚಿಸಿ ಕೇಳಿದೆ, ಏಳು ಹೇಳಿದ. ಈಗ ದಿನಾ ಒಂಬತ್ತಕ್ಕ ನಾ ಕೇಳ್ತೀನಿ, ಅವ ಹೇಳ್ತಾನ. ನನಗೂ ಎಂಟೂ ಬಾಯಿಪಾಠ ಆಗ್ಯಾವ.

ನಿನ್ನೆ ಮುಂಜಾನೆ ಒಂದು ಫೋಟೋ ಕಳಿಸ್ಯಾನ. ಗಾಳಿ ಬಿಟ್ಟು ಹೊಗಿ ಹೋಗೈತಂತ, ಗುಡ್ಡ ಕಾಣಾಕತ್ತೈತಿ. ಮುಂದ ಹಾಸ್ಟೆಲ್ ಬಾಗಲಾಗಿನ ಅಜ್ಜಿ ಕುಂತಾಳ, ಕೈಯಾಗ ಕರದಂಟಿನ ತುಂಡು.